ಹಾಕಿದ್ದನ್ನ ತೆಗೆಯೋಕಾಗುತ್ತಾ?

ಕನ್ನಡಿ ಮುಂದೆ ನಿಂತು ಒಂದು ಸಲ ಬಾಯ್ತುಂಬ ನಗಿ. ಮೂಗಿನ ಎರಡೂ ಪಕ್ಕದಿಂದ ಹೊರಟು ತುಟಿಯ ಮೂಲೆವರೆಗೆ ಇಳಿಯುವ ಎರಡು ಗೆರೆ ಕಾಣುತ್ತಲ್ಲ, ಇವತ್ತಿನ ವಿಷಯ ಅದು. ಡಾಕ್ಟರ್‌ಗಳ ಬಾಯಲ್ಲಿ ಅದು ನೇಸೋಲೇಬಿಯಲ್ ಫೋಲ್ಡ್. ಬ್ಯೂಟಿ ಕ್ಲಿನಿಕ್ಕಿನ ಬೋರ್ಡಿನಲ್ಲಿ ಸ್ಮೈಲ್ ಲೈನ್. ನಾವು ನಗೆಗೆರೆ ಅನ್ನೋಣ. ಮದುವೆ ಸೀಸನ್ ಬಂತು ಅಂದ್ರೆ ಸಾಕು, ಮೊಬೈಲ್ ತುಂಬ ಈ ಗೆರೆ ಅಳಿಸುವ ಆಫರ್‌ಗಳು. ಅರ್ಧ ಗಂಟೆ ಸಾಕಂತೆ, ಕತ್ತರಿ ಇಲ್ಲವಂತೆ, ಊಟದ ಬಿಡುವಿನಲ್ಲಿ ಹೋಗಿ ಬರಬಹುದಂತೆ. ಡರ್ಮಲ್ ಫಿಲ್ಲರ್ ಅಂತಾರೆ ಅದಕ್ಕೆ. ಚರ್ಮದ ಕೆಳಗೆ ಸೂಜಿಯಿಂದ ಏನನ್ನೋ ತುಂಬೋದು, ಹಳ್ಳವನ್ನ ಮಟ್ಟ ಮಾಡೋದು.

ಈ 'ಏನನ್ನೋ' ಅನ್ನೋ ಪದ ಇದೆಯಲ್ಲ, ಅದರ ಹಿಂದೆ ಸುಮಾರು 130 ವರ್ಷದ ಚರಿತ್ರೆ ಇದೆ. ಆ ಚರಿತ್ರೆಯಲ್ಲಿ ಬಹುಪಾಲು ಕಾಲ ಜನ ತುಂಬಿಸಿಕೊಂಡಿದ್ದು ಏನು ಅಂತ ಕೇಳಿದ್ರೆ ನೀವು ಕೈಯಲ್ಲಿರೋ ಕಾಫಿ ಕೆಳಗಿಡ್ತೀರಿ.

ಅದಕ್ಕೆ ಮೊದಲು ಗೆರೆಯ ಬಗ್ಗೆಯೇ ಎರಡು ಮಾತು. ನಕ್ಕಾಗ ಕೆನ್ನೆಯ ಸ್ನಾಯುಗಳು ತುಟಿಯ ಮೂಲೆಯನ್ನ ಮೇಲಕ್ಕೆ ಎಳೀತವೆ. ಆ ಸ್ನಾಯುವಿನ ಎಳೆಗಳು ಬಂದು ಚರ್ಮಕ್ಕೆ ಅಂಟಿಕೊಳ್ಳುವ ಜಾಗವೇ ಈ ಗೆರೆ. ಗೆರೆಯ ಮೇಲ್ಗಡೆ ಕೆನ್ನೆಯ ದಪ್ಪ ಕೊಬ್ಬು, ಕೆಳಗಡೆ ತುಟಿಯ ಪಕ್ಕದ ತೆಳು ಚರ್ಮ. ದಿಂಬಿಗೂ ಹಲಗೆಗೂ ಮಧ್ಯೆ ಸಂದು ಬಿದ್ದ ಹಾಗೆ. ಇಪ್ಪತ್ತರ ವಯಸ್ಸಲ್ಲಿ ನಗು ನಿಂತ ಕೂಡಲೇ ಗೆರೆಯೂ ಹೋಗುತ್ತೆ. ವಯಸ್ಸಾದ ಹಾಗೆ ಕೆನ್ನೆಯ ಕೊಬ್ಬು ಇಳಿಯುತ್ತೆ, ಒಳಗಿನ ಮೂಳೆ ಸವೆಯುತ್ತೆ, ಚರ್ಮದ ಬಿಗಿ ಸಡಿಲ ಆಗುತ್ತೆ. ಆಗ ನಗು ಹೋದರೂ ಗೆರೆ ಕೂತಲ್ಲೇ ಕೂತಿರುತ್ತೆ.

ಟಿವಿಯಲ್ಲಿ ಕೆಲಸ ಮಾಡೋರಿಗೆ ಇದು ಬೇರೆ ಥರ ಗೊತ್ತು. ಗೆರೆ ಅನ್ನೋದು ಅರ್ಧ ಚರ್ಮ, ಅರ್ಧ ನೆರಳು. ಸ್ಟುಡಿಯೋದಲ್ಲಿ ಲೈಟು ನೆತ್ತಿ ಮೇಲಿಂದ ಬಿದ್ದರೆ ಮೂವತ್ತೈದರ ಮುಖ ಐವತ್ತರ ಥರ ಕಾಣುತ್ತೆ. ಡೆಸ್ಕಿನ ಮೇಲೆ ಒಂದು ಬಿಳಿ ಹಲಗೆ ಇಟ್ಟು ಬೆಳಕನ್ನ ಕೆಳಗಿಂದ ಚಿಮ್ಮಿಸಿದರೆ ಹತ್ತು ವರ್ಷ ಮಾಯ. ಎಚ್‌ಡಿ ಕ್ಯಾಮೆರಾ ಬಂದ ಮೇಲೆ ನಮ್ಮ ಮುಖದ ಗೆರೆಗಳ ಬಗ್ಗೆ ಕಾಮೆಂಟ್ ಹಾಕೋರು ನಾವು ಓದಿದ ಸುದ್ದಿ ಬಗ್ಗೆ ಹಾಕೋರಿಗಿಂತ ಜಾಸ್ತಿ. ಅದರಲ್ಲೂ ಹೆಣ್ಣುಮಕ್ಕಳು ಓದಿದ್ರೆ ಕೇಳಲೇಬೇಡಿ. ಗಂಡಸು ಆ್ಯಂಕರ್‌ಗೆ ಗೆರೆ ಬಿದ್ರೆ 'ಅನುಭವ' ಅಂತಾರೆ!

ಇನ್ನೊಂದು ವಿಷಯ. ಪಾರ್ಶ್ವವಾಯು ಹೊಡೆದವರನ್ನ ಆಸ್ಪತ್ರೆಗೆ ಕರಕೊಂಡು ಹೋದಾಗ ಡಾಕ್ಟರ್ 'ಒಂದ್ಸಲ ನಗಿ, ಹಲ್ಲು ತೋರಿಸಿ' ಅಂತಾರಲ್ಲ, ಅವರು ನೋಡೋದರಲ್ಲಿ ಈ ಗೆರೆಯೂ ಒಂದು. ಮುಖದ ನರ ಸೋತ ಕಡೆ ನಗೆಗೆರೆ ಅಳಿಸಿಹೋಗಿರುತ್ತೆ. ಆ ಕೆನ್ನೆ ಇಸ್ತ್ರಿ ಹಾಕಿದ ಹಾಗೆ ನುಣ್ಣಗೆ. ಅಂಥವರಿಗೆ ಆಪರೇಷನ್ ಮಾಡುವ ಪ್ಲಾಸ್ಟಿಕ್ ಸರ್ಜನ್‌ಗಳು ಹೊಲಿಗೆ ಹಾಕಿ ಇದೇ ಗೆರೆಯನ್ನ ಮತ್ತೆ ಮೂಡಿಸೋಕೆ ಕಷ್ಟಪಡ್ತಾರೆ. ಒಂದು ಕೋಣೆಯಲ್ಲಿ ಗೆರೆ ಅಳಿಸೋಕೆ ದುಡ್ಡು, ಪಕ್ಕದ ಕೋಣೆಯಲ್ಲಿ ಗೆರೆ ಬರೆಯೋಕೆ ದುಡ್ಡು.

ಸರಿ, ಈಗ ಸೂಜಿಯ ಕಥೆಗೆ ಬರೋಣ. ಎಂಜಿನಿಯರಿಂಗ್ ಓದಿದವರಿಗೆ ಒಂದು ಚಾಳಿ ಇರುತ್ತೆ. ಯಾವ ಮಷಿನ್ ತೋರಿಸಿದರೂ ಮೊದಲು ಕೇಳೋದು, 'ಆಫ್ ಮಾಡೋದು ಹೇಗೆ?' ಅಂತ. ನಾನು ಫಿಲ್ಲರ್‌ಗಳ ಚರಿತ್ರೆ ಓದಿದ್ದು ಆ ಒಂದೇ ಪ್ರಶ್ನೆ ಇಟ್ಟುಕೊಂಡು. ಹಾಕಿದ್ದನ್ನ ತೆಗೆಯೋಕಾಗುತ್ತಾ?

ಶುರು ಆಗಿದ್ದು ಒಳ್ಳೆಯ ರೀತಿಯಲ್ಲೇ. 1893ರಲ್ಲಿ ಜರ್ಮನಿಯ ಸರ್ಜನ್ ಗುಸ್ಟಾವ್ ನಾಯ್ಬರ್, ರೋಗಿಯ ತೋಳಿನಿಂದ ಚಿಕ್ಕ ಚಿಕ್ಕ ಕೊಬ್ಬಿನ ತುಂಡು ತೆಗೆದು ಮುಖದಲ್ಲಿ ಕ್ಷಯರೋಗದಿಂದ ಬಿದ್ದಿದ್ದ ಹಳ್ಳಕ್ಕೆ ತುಂಬಿದರು. ಅವನದೇ ಮೈ, ಅವನದೇ ಕೊಬ್ಬು. ಆದರೆ ಎಷ್ಟು ಉಳಿಯುತ್ತೆ, ಎಷ್ಟು ಕರಗುತ್ತೆ ಅನ್ನೋ ಲೆಕ್ಕ ಸಿಗಲಿಲ್ಲ. ಮೇಲಾಗಿ ಕತ್ತಿ ಹಾಕಬೇಕು, ಕಲೆ ಉಳಿಯುತ್ತೆ. ಸೂಜಿಯಲ್ಲೇ ಮುಗಿಯೋ ದಾರಿ ಯಾವುದಾದರೂ ಇದೆಯಾ ಅಂತ ಎಲ್ಲರೂ ಹುಡುಕ್ತಾ ಇದ್ದರು.

ಸಿಕ್ಕಿತು. 1899, ವಿಯೆನ್ನಾ. ರಾಬರ್ಟ್ ಗೆರ್ಸುನಿ ಅನ್ನೋ ಸರ್ಜನ್ ಹತ್ತಿರ ಒಬ್ಬ ಯುವಕ ಬಂದಿದ್ದ. ಕ್ಷಯ ತಗುಲಿ ಅವನ ವೃಷಣಗಳನ್ನ ತೆಗೆದುಬಿಟ್ಟಿದ್ದರು. ಆ ಖಾಲಿ ಜಾಗಕ್ಕೆ ಗೆರ್ಸುನಿ ವ್ಯಾಸಲೀನ್ ಥರದ ಮೆತ್ತನೆ ಪ್ಯಾರಾಫಿನ್ ಚುಚ್ಚಿದರು. ಹೌದು, ಪೆಟ್ರೋಲಿಯಂನಿಂದ ಬರೋ, ಮೇಣದಬತ್ತಿ ಮಾಡೋ ಪ್ಯಾರಾಫಿನ್ನಿನ ವಂಶದ್ದೇ. ಬಿಸಿ ಮಾಡಿದರೆ ಕರಗುತ್ತೆ, ಸೂಜಿಯಲ್ಲಿ ಹರಿಯುತ್ತೆ, ಒಳಗೆ ಹೋಗಿ ಗಟ್ಟಿಯಾಗುತ್ತೆ, ಬೆರಳಲ್ಲಿ ಒತ್ತಿ ಬೇಕಾದ ಆಕಾರ ಕೊಡಬಹುದು. ಅಗ್ಗ ಬೇರೆ. ಸರ್ಜನ್‌ಗಳಿಗೆ ಇನ್ನೇನು ಬೇಕು? ಕೆಲವೇ ವರ್ಷದಲ್ಲಿ ಯುರೋಪು, ಅಮೆರಿಕ ಎಲ್ಲ ಕಡೆ ಮುಖಕ್ಕೆ ಮೇಣ ಹೋಯಿತು. ಸಿಫಿಲಿಸ್ ಬಂದು ಮೂಗಿನ ದಂಡೆ ಕುಸಿದವರು ಆಗ ತುಂಬಾ ಜನ. ಅವರಿಗೆ ಮುಖ ತೋರಿಸೋದೇ ಕಷ್ಟ, ಯಾಕಂದ್ರೆ ಆ ಮೂಗು ನೋಡಿದ ತಕ್ಷಣ ಊರಿಗೇ ರೋಗ ಯಾವುದು ಅಂತ ಗೊತ್ತಾಗ್ತಿತ್ತು. ಮೇಣ ಅವರಿಗೆ ವರದ ಹಾಗೆ ಬಂತು. ರೋಗಿಗಳ ಹಿಂದೆಯೇ, ಏನೂ ರೋಗವಿಲ್ಲದ, ಸುಕ್ಕು ಮಾತ್ರ ಬೇಡವಾಗಿದ್ದ ಶ್ರೀಮಂತರು ಬಂದರು.

ಇದರಲ್ಲೊಂದು ಸಣ್ಣ ಲೆಕ್ಕ ಇದೆ. ಮೈಯ ಬಿಸಿ 37 ಡಿಗ್ರಿ. ಗೆರ್ಸುನಿ ಬಳಸಿದ ಮೆತ್ತನೆ ಮೇಣ ಕರಗೋದು ಹತ್ತಿರ ಹತ್ತಿರ ಅಷ್ಟಕ್ಕೇ. ಜ್ವರ ಬಂದರೆ? ಒಲೆ ಮುಂದೆ ಕೂತರೆ? ಬೇರೆಯವರು ಹೆಚ್ಚು ಬಿಸಿಗೆ ಕರಗುವ ಗಟ್ಟಿ ಪ್ಯಾರಾಫಿನ್ ಹಿಡಿದರು. ಅದು ಹರಿಯಲಿಲ್ಲ ನಿಜ, ಆದರೆ ದೇಹ ಸುಮ್ಮನಿರುತ್ತಾ? ಕರಗಿಸೋಕಾಗದ, ಹೊರಗೆ ಹಾಕೋಕಾಗದ ವಸ್ತುವಿನ ಸುತ್ತ ದೇಹ ಗೋಡೆ ಕಟ್ಟುತ್ತೆ. ಗಟ್ಟಿ ಗಂಟು ಆಗುತ್ತೆ. ಅದಕ್ಕೆ 'ಪ್ಯಾರಾಫಿನೋಮ' ಅಂತ ಹೆಸರೇ ಬಂತು. ಅದು ಚರ್ಮದಲ್ಲಿ, ಕೊಬ್ಬಿನಲ್ಲಿ, ಸ್ನಾಯುವಿನಲ್ಲಿ ಹೆಣೆದುಕೊಂಡುಬಿಡುತ್ತೆ. ತೆಗೀಬೇಕಾದರೆ ಮಾಂಸದ ಸಮೇತ ಕತ್ತರಿಸಬೇಕು. ರಕ್ತನಾಳಕ್ಕೆ ಮೇಣ ಹೋಗಿ ಕಣ್ಣು ಕಳಕೊಂಡವರ ವರದಿಗಳೂ ಬಂದವು.

ಈ ಮೇಣದ ಕಥೆಯಲ್ಲಿ ಒಂದು ಮುಖ ಎಲ್ಲರಿಗಿಂತ ಹೆಚ್ಚು ನೆನಪಿನಲ್ಲಿ ಉಳಿದಿದೆ. ಗ್ಲಾಡಿಸ್ ಡೀಕನ್. 1881ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಅಮೆರಿಕನ್ ಹುಡುಗಿ. ಆ ಕಾಲದ ಯುರೋಪಿನ ದೊಡ್ಡ ದೊಡ್ಡ ಮನೆಗಳಲ್ಲಿ ಅವಳ ರೂಪದ್ದೇ ಮಾತು. ಕಲಾವಿದರು ಚಿತ್ರ ಬರೆದರು. ಜರ್ಮನಿಯ ಯುವರಾಜ ಅವಳಿಗೆ ಉಂಗುರ ಕೊಟ್ಟು ರಾಜಮನೆತನದಲ್ಲಿ ರಂಪ ಆಯಿತು. ಇಂಥ ಹುಡುಗಿಗೆ ತನ್ನ ಮುಖದಲ್ಲಿ ಒಂದು ಕೊರತೆ ಕಂಡಿತು. ಹಣೆಯಿಂದ ಮೂಗಿಗೆ ಇಳಿಯೋ ಜಾಗದಲ್ಲಿ ಸ್ವಲ್ಪ ತಗ್ಗು. ಗ್ರೀಕ್ ಶಿಲ್ಪಗಳಲ್ಲಿ ಹಣೆ ಮೂಗು ಒಂದೇ ನೇರ ಗೆರೆ ಅಲ್ವಾ? ಅದು ಬೇಕು. ಇಪ್ಪತ್ತೆರಡರ ಆಸುಪಾಸಿನಲ್ಲಿ ಆ ತಗ್ಗಿಗೆ ಮೇಣ ಚುಚ್ಚಿಸಿಕೊಂಡಳು.

ಮೇಣ ನಿಲ್ಲಲಿಲ್ಲ. ವರ್ಷ ಕಳೆದ ಹಾಗೆ ಮೂಗಿನಿಂದ ಕೆಳಗೆ ಜಾರಿತು, ಗಲ್ಲದ ಕಡೆ ಗಂಟುಗಂಟಾಗಿ ಕೂತಿತು. ನಲವತ್ತರಲ್ಲಿ, 1921ರಲ್ಲಿ, ಆಕೆ ಚಿಕ್ಕಂದಿನಿಂದ ಬಯಸಿದ್ದ ಮಾರ್ಲ್‌ಬರೋದ ಒಂಬತ್ತನೇ ಡ್ಯೂಕ್‌ನನ್ನೇ ಮದುವೆಯಾದರು. ವಿನ್‌ಸ್ಟನ್ ಚರ್ಚಿಲ್ ಹುಟ್ಟಿದ ಬ್ಲೆನಿಮ್ ಅರಮನೆಗೆ ಒಡತಿಯಾದರು. ಮುಖ ಅಷ್ಟರಲ್ಲಿ ಹಾಳಾಗಿತ್ತು. ಆದರೂ ನೀಲಿ ಕಣ್ಣು ಹಾಗೇ ಇದ್ದವು. 1928ರಲ್ಲಿ ಅರಮನೆಯ ಮುಂಬಾಗಿಲ ಮಂಟಪದ ಚಾವಣಿಯಲ್ಲಿ ಆ ಕಣ್ಣುಗಳನ್ನ ಚಿತ್ರವಾಗಿ ಬರೆಸಿದರು. ಇವತ್ತಿಗೂ ಅಲ್ಲಿಗೆ ಹೋದವರು ತಲೆ ಎತ್ತಿದರೆ ಕಾಣುತ್ತವೆ. ಮದುವೆ ನಿಲ್ಲಲಿಲ್ಲ. ಡ್ಯೂಕ್ ತೀರಿಕೊಂಡ ಮೇಲೆ ಆಕೆ ಒಂದು ಹಳ್ಳಿಮನೆ ಸೇರಿ ಜನರ ಕಣ್ಣಿಗೆ ಬೀಳದೆ ಬದುಕಿದರು. ಕೊನೆಗೆ ಮಾನಸಿಕ ಆಸ್ಪತ್ರೆ. ಸತ್ತಿದ್ದು 1977ರಲ್ಲಿ, 96ನೇ ವಯಸ್ಸಿನಲ್ಲಿ. ಲೆಕ್ಕ ಹಾಕಿ. ಇಪ್ಪತ್ತೆರಡರಲ್ಲಿ ತಗೊಂಡ ಒಂದು ಇಂಜೆಕ್ಷನ್ನನ್ನ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮುಖದಲ್ಲಿ ಹೊತ್ತರು. ಮೇಣವೇ ಅವರ ತಲೆ ಕೆಡಿಸಿತು ಅಂತ ನಾನು ಹೇಳಲ್ಲ. ಆ ಬದುಕಿನಲ್ಲಿ ಬೇರೆ ಗಾಯಗಳೂ ಬೇಕಾದಷ್ಟಿದ್ದವು. ಅಪ್ಪನೇ ಅಮ್ಮನ ಪ್ರಿಯಕರನನ್ನ ಗುಂಡಿಟ್ಟು ಕೊಂದ ಮನೆ ಅದು. ಆದರೆ ಅಳಿಸೋಕಾಗದ ಒಂದು ಗಾಯವನ್ನ ಅವರು ದುಡ್ಡು ಕೊಟ್ಟು ತಗೊಂಡಿದ್ದರು.

ವೈದ್ಯರಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ನ್ಯೂಯಾರ್ಕ್‌ನ ಫ್ರೆಡರಿಕ್ ಕೊಲೆ 1911ರಲ್ಲಿ ಬರೆದ ಪ್ಲಾಸ್ಟಿಕ್ ಸರ್ಜರಿ ಪುಸ್ತಕದಲ್ಲೇ ಪ್ಯಾರಾಫಿನ್ನಿನ ಅಪಾಯಗಳನ್ನ ಉದ್ದಕ್ಕೆ ಪಟ್ಟಿ ಮಾಡಿದ್ದಾರೆ. ಪಾಶ್ಚಾತ್ಯ ದೇಶಗಳಲ್ಲಿ ಮೇಣ ನಿಧಾನಕ್ಕೆ ಹಿಂದೆ ಸರಿಯಿತು. ಹುಡುಕಾಟ ನಿಲ್ಲಲಿಲ್ಲ. ಶಿಕಾಗೋದ ಚಾರ್ಲ್ಸ್ ಮಿಲ್ಲರ್ ಅನ್ನೋ ಸರ್ಜನ್ ರೇಷ್ಮೆ ಎಳೆ, ಸೆಲ್ಯುಲಾಯ್ಡ್ ಚೂರು, ರಬ್ಬರ್, ಇಂಥವನ್ನೆಲ್ಲ ಚರ್ಮದ ಕೆಳಗೆ ಇಟ್ಟು ನೋಡಿದ್ದರು. ಕೈಗೆ ಸಿಕ್ಕಿದ್ದೆಲ್ಲ ಫಿಲ್ಲರ್.

ಎರಡನೇ ಮಹಾಯುದ್ಧ ಬಂತು, ಜೊತೆಗೆ ಸಿಲಿಕೋನ್ ಬಂತು. ಇಲೆಕ್ಟ್ರಿಕಲ್ ಬ್ರಾಂಚಿನಲ್ಲಿ ಓದಿದವರಿಗೆ ಗೊತ್ತು, ಟ್ರಾನ್ಸ್‌ಫಾರ್ಮರ್ ಒಳಗೆ ತುಂಬೋ ಎಣ್ಣೆಗಳಲ್ಲಿ ಸಿಲಿಕೋನ್ ಎಣ್ಣೆಯೂ ಒಂದು. ಬಿಸಿಗೆ ಹೆದರಲ್ಲ, ಬೇಗ ಬೆಂಕಿ ಹಿಡಿಯಲ್ಲ, ಯಾವುದರ ಜೊತೆಗೂ ಸುಲಭಕ್ಕೆ ಸೇರಲ್ಲ. ಅಮೆರಿಕದಲ್ಲಿ ಡೌ ಕಾರ್ನಿಂಗ್ ಕಂಪನಿ 1943ರಲ್ಲಿ ಹುಟ್ಟಿದ್ದೇ ಇಂಥ ಸಿಲಿಕೋನ್ ಮಾಡೋಕೆ. ಯುದ್ಧ ಮುಗಿದ ಮೇಲೆ ಜಪಾನಿನಲ್ಲಿ, ಅಮೆರಿಕನ್ ಸೈನಿಕರ ನಡುವೆ ಬದುಕು ಕಟ್ಟಿಕೊಳ್ಳಬೇಕಾಗಿದ್ದ ಹೆಣ್ಣುಮಕ್ಕಳಿಗೆ ಎದೆ ದೊಡ್ಡದು ಮಾಡೋಕೆ ಈ ದ್ರವವನ್ನ ಚುಚ್ಚಿದರು. ಯೊಕೊಹಾಮಾ ಬಂದರಿನಿಂದ ಸಿಲಿಕೋನ್ ಪೀಪಾಯಿಗಳೇ ಕಳುವಾಗ್ತಿದ್ದವು ಅನ್ನೋ ಕಥೆ ಈಗಲೂ ಓಡಾಡ್ತಾ ಇದೆ. 1964ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಾಂಡೋರ್ ಕ್ಲಬ್ಬಿನ ಡ್ಯಾನ್ಸರ್ ಕ್ಯಾರಲ್ ಡೋಡಾ ಸಿಲಿಕೋನ್ ಚುಚ್ಚಿಸಿಕೊಂಡ ಸುದ್ದಿ ಅಮೆರಿಕವನ್ನೆಲ್ಲ ಸುತ್ತಿತು. ಆಗಿನ ಬ್ರೇಕಿಂಗ್ ನ್ಯೂಸ್ ಅಂತ ಇಟ್ಟುಕೊಳ್ಳಿ. ಇತ್ತ ನ್ಯೂಯಾರ್ಕ್‌ನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಖ್, ಸಿಲಿಕೋನನ್ನ ಬಹಳ ಸಣ್ಣ ಹನಿಗಳಲ್ಲಿ ಮುಖದ ಗೆರೆ, ಮೊಡವೆ ಕಲೆಗಳಿಗೆ ಹಾಕುವ ವಿಧಾನ ಬೆಳೆಸಿದರು.

ಸಣ್ಣ ಹನಿ, ನುರಿತ ಕೈ, ಶುದ್ಧ ಸಿಲಿಕೋನ್ ಇದ್ದಾಗ ಎಷ್ಟೋ ಜನಕ್ಕೆ ಏನೂ ಆಗಲಿಲ್ಲ ಅನ್ನೋದೂ ನಿಜವೇ. ಆದರೆ ನುರಿತ ಕೈ ಇದ್ದ ಕಡೆ ಹತ್ತು ನಕಲಿ ಕೈ ಹುಟ್ಟಿಕೊಳ್ಳುತ್ತೆ. ಕಾರ್ಖಾನೆಯ ಸಿಲಿಕೋನು, ಅದಕ್ಕೆ ಕಲಬೆರಕೆ, ಲೋಟಗಟ್ಟಲೆ ಚುಚ್ಚೋದು. ಗಂಟು, ಊತ, ಬಣ್ಣ ಕೆಟ್ಟ ಚರ್ಮ, ಎಲ್ಲವೂ ಐದು, ಹತ್ತು, ಇಪ್ಪತ್ತು ವರ್ಷ ಆದ ಮೇಲೂ ಎದ್ದು ಬರೋಕೆ ಶುರುವಾಯಿತು. ಲಾಸ್ ವೇಗಸ್ ಇರೋ ನೆವಾಡಾ ರಾಜ್ಯ 1970ರ ದಶಕದಲ್ಲಿ ಸಿಲಿಕೋನ್ ಚುಚ್ಚೋದನ್ನೇ ಅಪರಾಧ ಅಂತ ಕಾನೂನು ಮಾಡಿತು. ಸುಕ್ಕು ತುಂಬೋಕೆ ದ್ರವ ಸಿಲಿಕೋನ್ ಬಳಸೋದಕ್ಕೆ ಅಮೆರಿಕದ ಎಫ್‌ಡಿಎ ಇವತ್ತಿಗೂ ಒಪ್ಪಿಗೆ ಕೊಟ್ಟಿಲ್ಲ. ನಮ್ಮ ಪ್ರಶ್ನೆ ಕೇಳಿ ನೋಡಿ. ಹಾಕಿದ್ದನ್ನ ತೆಗೆಯೋಕಾಗುತ್ತಾ? ಇಲ್ಲ. ಮೇಣಕ್ಕೂ ಇಲ್ಲ, ಸಿಲಿಕೋನ್‌ಗೂ ಇಲ್ಲ. ಎಂಬತ್ತು ವರ್ಷ ಹೋಯಿತು.

ಮೊದಲ ದೊಡ್ಡ ತಿರುವು ಬಂದಿದ್ದು 1981ರಲ್ಲಿ, ಹಸುವಿನ ಚರ್ಮದಿಂದ. ನಮ್ಮ ಚರ್ಮಕ್ಕೆ ಬಿಗಿ ಕೊಡೋ ನಾರಿನ ಪ್ರೋಟೀನ್ ಇದೆಯಲ್ಲ, ಕೊಲಾಜೆನ್, ಅದನ್ನ ಹಸುವಿನ ಚರ್ಮದಿಂದ ತೆಗೆದು, ಶುದ್ಧಮಾಡಿ ಸಿರಿಂಜಿಗೆ ತುಂಬಿದರು. ಕೆಲಸ ನಡೆದಿದ್ದು ಕ್ಯಾಲಿಫೋರ್ನಿಯಾದಲ್ಲಿ, ಹೆಸರು ಜೈಡರ್ಮ್. ಸುಕ್ಕು ತುಂಬೋಕೆ ಅಂತ ಎಫ್‌ಡಿಎ ಒಪ್ಪಿದ ಮೊದಲ ಇಂಜೆಕ್ಷನ್ ಅದೇ. ಮುಖಕ್ಕೆ ಹಾಕೋ ಮೊದಲು ಮುಂಗೈಗೆ ಒಂದು ಹನಿ ಚುಚ್ಚಿ ನಾಲ್ಕು ವಾರ ಕಾಯಬೇಕಿತ್ತು, ಯಾಕಂದ್ರೆ ನೂರಕ್ಕೆ ಮೂರು ಜನರಿಗೆ ಅಲರ್ಜಿ. ಇಷ್ಟೆಲ್ಲ ಆಗಿ ಉಳಿತಾ ಇದ್ದದ್ದು ಮೂರ್ನಾಲ್ಕು ತಿಂಗಳು. ದುಬಾರಿ, ಕಿರಿಕಿರಿ. ಆದರೂ ನನ್ನ ಲೆಕ್ಕದಲ್ಲಿ ಇದು ದೊಡ್ಡ ಹೆಜ್ಜೆ. ಮೊದಲ ಬಾರಿಗೆ ಒಂದು ಫಿಲ್ಲರ್ ತಾನಾಗಿಯೇ ಹೊರಟುಹೋಗ್ತಿತ್ತು. ಕಂಪನಿಗೆ ಅದು ದೋಷ. ಗ್ರಾಹಕರಿಗೆ ಅದೇ ರಕ್ಷಣೆ.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. 1934, ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯ. ಜರ್ಮನಿಯಿಂದ ಬಂದ ಯಹೂದಿ ವಿಜ್ಞಾನಿ ಕಾರ್ಲ್ ಮೇಯರ್ ಮತ್ತು ಅವರ ಜೊತೆಗಾರ ಜಾನ್ ಪಾಮರ್, ದನದ ಕಣ್ಣಿನ ಒಳಗಿರೋ ಲೋಳೆಯನ್ನ ಪರೀಕ್ಷೆ ಮಾಡ್ತಾ ಒಂದು ಹೊಸ ವಸ್ತು ಕಂಡರು. ಹೆಸರಿಟ್ಟರು, ಹಯಲುರೋನಿಕ್ ಆಸಿಡ್. ಆಸಿಡ್ ಅಂದ ಕೂಡಲೇ ಬೆಚ್ಚಬೇಡಿ, ಸುಡೋ ಆಸಿಡ್ ಅಲ್ಲ ಇದು. ಸಕ್ಕರೆ ಕಣಗಳು ಸರಪಳಿಯಾಗಿ ಸೇರಿ ಆದ ಒಂದು ಲೋಳೆ. ನಿಮ್ಮ ಚರ್ಮದಲ್ಲೂ ಇದೆ, ಕೀಲಿನಲ್ಲೂ ಇದೆ. 70 ಕೆಜಿ ತೂಕದ ಮನುಷ್ಯನಲ್ಲಿ ಸುಮಾರು 15 ಗ್ರಾಂ ಇರುತ್ತೆ, ಅದರಲ್ಲಿ ಮೂರನೇ ಒಂದು ಭಾಗ ದಿನವೂ ಹಳೆಯದು ಹೋಗಿ ಹೊಸದು ಬರುತ್ತೆ. ತಮಾಷೆ ಅಂದ್ರೆ ಕಾರ್ಲ್ ಮೇಯರ್ ಹುಟ್ಟಿದ್ದು 1899ರಲ್ಲಿ. ವಿಯೆನ್ನಾದಲ್ಲಿ ಆ ಯುವಕನಿಗೆ ಮೇಣ ಚುಚ್ಚಿದ ಅದೇ ವರ್ಷ.

ಈ ಲೋಳೆಯನ್ನ ಉಪಯೋಗಕ್ಕೆ ತಂದವರು ಹಂಗೇರಿಯ ಎಂಡ್ರೆ ಬಾಲಜ್. 1942ರಲ್ಲಿ ಅವರಿಗೆ ಹೊಳೆದ ಮೊದಲ ಉಪಯೋಗ ಏನು ಗೊತ್ತಾ? ಬೇಕರಿಯಲ್ಲಿ ಮೊಟ್ಟೆಯ ಬಿಳಿ ಭಾಗದ ಬದಲು ಹಾಕಬಹುದು ಅನ್ನೋದು! ಆಮೇಲೆ ಅವರು ಹುಂಜದ ಜುಟ್ಟಿನಿಂದ ಇದನ್ನ ಬಹಳ ಶುದ್ಧವಾಗಿ ತೆಗೆಯೋ ದಾರಿ ಕಂಡುಹಿಡಿದರು. ಕೋಳಿ ಕೊಯ್ದಾಗ ನಾವು ಎಸೆಯೋ ಕೆಂಪು ಜುಟ್ಟು ಇದೆಯಲ್ಲ, ಅದರ ತುಂಬ ಇದೇ ಲೋಳೆ. 1980ರ ಹೊತ್ತಿಗೆ ಸ್ವೀಡನ್ನಿನ ಫಾರ್ಮಾಸಿಯಾ ಕಂಪನಿ ಅದನ್ನ ಹೀಲಾನ್ ಅನ್ನೋ ಹೆಸರಲ್ಲಿ ಕಣ್ಣಿನ ಪೊರೆ ಆಪರೇಷನ್ನಿಗೆ ತಂದಿತು. ಮಂಡಿ ನೋವಿಗೆ ಡಾಕ್ಟರ್ 'ಜೆಲ್ ಇಂಜೆಕ್ಷನ್ ಹಾಕಿಸ್ಕೊಳ್ಳಿ' ಅಂತಾರಲ್ಲ, ಅದೂ ಇದರದ್ದೇ ಕುಟುಂಬ. ಹಾಗಾಗಿ ನಿಮ್ಮ ಮನೆಯ ಅಜ್ಜಿಗೆ ಮಂಡಿಯಲ್ಲಿ ಹೋಗಿದ್ದೂ, ಮೊಮ್ಮಗಳಿಗೆ ಕೆನ್ನೆಯಲ್ಲಿ ಹೋಗಿದ್ದೂ ಒಂದೇ ವಸ್ತು ಇರಬಹುದು. ಅಜ್ಜಿಗೆ ಹೇಳಬೇಡಿ.

ಕೆನ್ನೆಗೆ ಬರೋಕೆ ಒಂದು ತೊಡಕಿತ್ತು. ಹಾಗೇ ಚುಚ್ಚಿದರೆ ದೇಹ ಅದನ್ನ ಕೆಲವೇ ದಿನದಲ್ಲಿ ತಿಂದು ಮುಗಿಸುತ್ತೆ. ಇಲ್ಲೇ ಎಂಜಿನಿಯರಿಂಗ್ ಬಂದಿದ್ದು. ಉದ್ದುದ್ದ ಸರಪಳಿಗಳ ನಡುವೆ ಅಡ್ಡಕೊಂಡಿ ಹಾಕಿದರೆ ಹರಿಯೋ ಲೋಳೆ ನಿಲ್ಲೋ ಜೆಲ್ ಆಗುತ್ತೆ. ಬಿಡಿ ಹಗ್ಗಗಳನ್ನ ಗಂಟು ಹಾಕಿ ಬಲೆ ಮಾಡಿದ ಹಾಗೆ. ಎಷ್ಟು ಗಂಟು ಅನ್ನೋದರ ಮೇಲೆ ಜೆಲ್ ಎಷ್ಟು ಗಟ್ಟಿ, ಎಷ್ಟು ದಿನ ಉಳಿಯುತ್ತೆ ಅನ್ನೋದು ನಿಂತಿರುತ್ತೆ. ಸ್ವೀಡನ್ನಿನ ಉಪ್ಸಾಲಾದಲ್ಲಿ ಬೆಂಗ್ಟ್ ಓಗೆರುಪ್ 1987ರಲ್ಲಿ ಕಟ್ಟಿದ ಕ್ಯೂ-ಮೆಡ್ ಕಂಪನಿ ಹುಂಜವನ್ನೂ ಬಿಟ್ಟು, ಬ್ಯಾಕ್ಟೀರಿಯಾ ಬೆಳೆಸಿ ಅದರಿಂದ ಈ ವಸ್ತು ತೆಗೆಯಿತು. ಪ್ರಾಣಿಯ ಪ್ರೋಟೀನ್ ಇಲ್ಲ ಅಂದ ಮೇಲೆ ನಾಲ್ಕು ವಾರದ ಅಲರ್ಜಿ ಟೆಸ್ಟ್ ಬೇಕಿಲ್ಲ. 1996ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂದ ಅದರ ಹೆಸರು ರೆಸ್ಟಿಲೇನ್.

ಅಮೆರಿಕದಲ್ಲಿ ಇದರ ಪರೀಕ್ಷೆ ನಡೆದ ರೀತಿ ನನಗೆ ಬಹಳ ಇಷ್ಟ. 138 ಜನ. ಪ್ರತಿಯೊಬ್ಬರ ಒಂದು ನಗೆಗೆರೆಗೆ ಸ್ವೀಡನ್ನಿನ ಜೆಲ್, ಇನ್ನೊಂದು ನಗೆಗೆರೆಗೆ ಹಸುವಿನ ಕೊಲಾಜೆನ್. ಅದೇ ಮುಖ, ಅದೇ ವಯಸ್ಸು, ಅದೇ ನಗು, ಬಲಕ್ಕೂ ಎಡಕ್ಕೂ ನೇರ ಪಂದ್ಯ. ಆರು ತಿಂಗಳ ನಂತರ ನೋಡಿದಾಗ ನೂರಕ್ಕೆ ಸುಮಾರು 57 ಜನರಲ್ಲಿ ಜೆಲ್ ಗೆದ್ದಿತ್ತು, ಸುಮಾರು 10 ಜನರಲ್ಲಿ ಕೊಲಾಜೆನ್. 2003ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಹೆಸರಿಸಿದ್ದ ಜಾಗವೇ ನಗೆಗೆರೆ. ಆಮೇಲೆ ಬಂದ ಎಷ್ಟೋ ಫಿಲ್ಲರ್‌ಗಳಿಗೂ ಇದೇ ಟೆಸ್ಟ್ ಟ್ರ್ಯಾಕ್. ಕಾರಣ ಸರಳ. ಮುಖದಲ್ಲಿ ಅದು ಎರಡಿದೆ, ಒಂದರ ಹಾಗೆ ಇನ್ನೊಂದಿದೆ.

ಆದರೆ ಈ ಜೆಲ್‌ನ ನಿಜವಾದ ಗೆಲುವು ಆರು ತಿಂಗಳಲ್ಲ. ಇದನ್ನ ಕರಗಿಸೋ ಕಿಣ್ವ ಇದೆ. ಹಯಲುರೋನಿಡೇಸ್. ಅದನ್ನ ಚುಚ್ಚಿದರೆ ಜೆಲ್ ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಕರಗಿಹೋಗುತ್ತೆ. ಆ ಕಿಣ್ವದ ಸುಳಿವು ಸಿಕ್ಕಿದ್ದು ಜೆಲ್ ಹುಟ್ಟೋಕೆ ಎಷ್ಟೋ ಮುಂಚೆ, 1928ರಲ್ಲಿ, ಪ್ರಾಣಿಗಳ ವೃಷಣದಿಂದ ತೆಗೆದ ರಸದಲ್ಲಿ. ವೃಷಣದ ಜಾಗ ತುಂಬೋಕೆ ಮೇಣ ಹಿಡಿದು ಶುರುವಾದ ವಿದ್ಯೆಗೆ ಆಫ್ ಸ್ವಿಚ್ ಸಿಕ್ಕಿದ್ದೂ ಅಲ್ಲಿಂದಲೇ ನೋಡಿ. ಕಾದಂಬರಿಯಲ್ಲಿ ಬರೆದರೆ ಅತಿಯಾಯ್ತು ಅಂತೀರಿ.

ಇಷ್ಟು ಕೇಳಿ 'ಎಲ್ಲ ಶ್ರೀಮಂತರ ಶೋಕಿ' ಅನ್ನೋರಿಗೆ ಒಂದು ಮಾತು. ಎಚ್‌ಐವಿಗೆ ಬಂದ ಆರಂಭದ ಔಷಧಗಳಲ್ಲಿ ಸ್ಟಾವುಡಿನ್ ಒಂದು. ನಮ್ಮ ಸಿಪ್ಲಾ ಕಂಪನಿ 2001ರಲ್ಲಿ ದಿನಕ್ಕೆ ಒಂದು ಡಾಲರ್‌ಗೂ ಕಡಿಮೆಗೆ ಕೊಡ್ತೀನಿ ಅಂತ ಹೇಳಿ ಜಗತ್ತನ್ನೇ ಅಲ್ಲಾಡಿಸಿದ ಮೂರು ಔಷಧಗಳ ಜೋಡಿಯಲ್ಲಿ ಅದೂ ಇತ್ತು. 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಉಚಿತ ಚಿಕಿತ್ಸೆ ಶುರುಮಾಡಿದಾಗ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ಮಾತ್ರೆ ಜೀವ ಉಳಿಸಿತು. ಆದರೆ ವರ್ಷಗಟ್ಟಲೆ ತಿಂದ ಎಷ್ಟೋ ಜನರ ಕೆನ್ನೆಯ ಕೊಬ್ಬು ಕರಗಿತು. ಕೆನ್ನೆ ಒಳಗೆ ಹೋಗಿ, ನಗೆಗೆರೆ ಕಾಲುವೆಯಾಗಿ, ಮುಖವೇ ಕಾಯಿಲೆಯ ಹೆಸರು ಹೇಳೋ ಹಾಗಾಯಿತು. ನೂರು ವರ್ಷದ ಹಿಂದಿನ ಸಿಫಿಲಿಸ್ ಮೂಗಿನ ಹಾಗೇ. ಕಾಯಿಲೆ ಬಚ್ಚಿಟ್ಟುಕೊಂಡು ಮಗ್ಗದಲ್ಲೋ ಗಾರ್ಮೆಂಟ್ಸ್‌ನಲ್ಲೋ ದುಡಿಯೋ ಹೆಂಗಸಿಗೆ ಅದರ ಅರ್ಥ ಏನು ಅಂತ ಯೋಚನೆ ಮಾಡಿ. ಅಮೆರಿಕದಲ್ಲಿ 2004ರಲ್ಲೇ ಇಂಥ ಮುಖಗಳಿಗೆ ಅಂತ ಸ್ಕಲ್ಪ್ಟ್ರಾ ಅನ್ನೋ ಫಿಲ್ಲರ್‌ಗೆ ಒಪ್ಪಿಗೆ ಸಿಕ್ಕಿತು. ಕೆನ್ನೆ ಹೋದ ದುಃಖಕ್ಕೆ ಖಿನ್ನತೆಗೆ ಬಿದ್ದವರಿಗೆ ಅದರ ಖರ್ಚನ್ನ 2010ರಿಂದ ಅಲ್ಲಿನ ಸರಕಾರಿ ವಿಮೆ ಮೆಡಿಕೇರ್ ಕೊಡೋಕೆ ಒಪ್ಪಿತು. ನಮ್ಮಲ್ಲಿ ಮಾತ್ರೆ ಉಚಿತ. ಕೆನ್ನೆ ಉಚಿತದ ಪಟ್ಟಿಯಲ್ಲಿ ಇರಲಿಲ್ಲ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಟಾವುಡಿನ್ ಕೈಬಿಡಿ ಅಂದ ಮೇಲೆ ಆ ಮಾತ್ರೆ ಹೋಯಿತು. ಅದು ಬರೆದು ಹೋದ ಮುಖಗಳು ಇನ್ನೂ ನಮ್ಮ ನಡುವೆ ಇವೆ.

ಹಾಗಾದರೆ ಆಫ್ ಸ್ವಿಚ್ ಸಿಕ್ಕಿತು, ಕಥೆ ಸುಖಾಂತ್ಯ ಅಂತೀರಾ? ಇಲ್ಲ. ನಗೆಗೆರೆಯ ಪಕ್ಕದಲ್ಲೇ ಮುಖದ ಮುಖ್ಯ ರಕ್ತನಾಳ ಹೋಗುತ್ತೆ. ಅದರ ಕವಲುಗಳು ಮೂಗಿನ ಬದಿಯಲ್ಲಿ ಮೇಲೇರಿ ಕಣ್ಣಿಗೆ ರಕ್ತ ಕೊಡೋ ನಾಳದ ಜೊತೆ ಸೇರುತ್ತವೆ. ಸೂಜಿಯ ತುದಿ ತಪ್ಪಿ ನಾಳದ ಒಳಗೆ ಹೋಗಿ, ಹಿಂದಿನಿಂದ ಜೋರಾಗಿ ಒತ್ತಿದರೆ ಏನಾಗುತ್ತೆ? ಸಿರಿಂಜಿನ ಒತ್ತಡ ರಕ್ತದ ಒತ್ತಡವನ್ನ ಮೀರುತ್ತೆ, ಜೆಲ್ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಹೋಗುತ್ತೆ. ಕೈ ಸಡಿಲಿಸಿದ ಕೂಡಲೇ ರಕ್ತ ಅದನ್ನ ತಳ್ಳಿಕೊಂಡು ಕಣ್ಣಿನ ಸಣ್ಣ ನಾಳಕ್ಕೆ ಸಿಕ್ಕಿಸುತ್ತೆ. ಮೋಟಾರ್ ಪೈಪಿನಲ್ಲಿ ನೀರು ಹಿಂದಕ್ಕೆ ನುಗ್ಗೋದು ನೋಡಿದವರಿಗೆ ಇದು ಅರ್ಥವಾಗುತ್ತೆ. 2015ರಲ್ಲಿ ವೈದ್ಯರ ಒಂದು ತಂಡ ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾದ ಪ್ರಕರಣಗಳನ್ನ ಒಟ್ಟು ಹಾಕಿದಾಗ ಫಿಲ್ಲರ್‌ನಿಂದ ದೃಷ್ಟಿ ಕೆಟ್ಟ 98 ಪ್ರಕರಣ ಸಿಕ್ಕಿದವು. 2019ರ ಹೊತ್ತಿಗೆ ಇನ್ನೂ 48 ಸೇರಿದವು. ಮೊದಲ ಪಟ್ಟಿಯಲ್ಲಿ ನೂರಕ್ಕೆ 13ರಷ್ಟು ನಗೆಗೆರೆಗೆ ಚುಚ್ಚಿದ್ದು. ಲಕ್ಷಾಂತರ ಇಂಜೆಕ್ಷನ್‌ಗಳಲ್ಲಿ ಇದು ಅಪರೂಪ, ಬಹಳ ಅಪರೂಪ. ಆದರೆ ಆದವರಿಗೆ ನೂರಕ್ಕೆ ನೂರು. ಕಣ್ಣಿಗೆ ರಕ್ತ ನಿಂತರೆ ಕಿಣ್ವ ಚುಚ್ಚೋಕೆ ಸಿಗೋದು ದಿನಗಳಲ್ಲ, ನಿಮಿಷಗಳು. ಚುಚ್ಚಿದರೂ ದೃಷ್ಟಿ ವಾಪಸ್ ಬಂದವರು ಕಡಿಮೆ.

2015ರಲ್ಲೇ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. 2021ರಲ್ಲಿ ಇನ್ನೊಂದು ಎಚ್ಚರಿಕೆ, ಸೂಜಿ ಇಲ್ಲದೆ ಒತ್ತಡದಿಂದ ಜೆಲ್ ನುಗ್ಗಿಸುವ 'ಪೆನ್'ಗಳ ಬಗ್ಗೆ. ಮನೆಯಲ್ಲೇ ಮಾಡಿಕೊಳ್ಳಿ ಅಂತ ಅವನ್ನ ಆನ್‌ಲೈನ್‌ನಲ್ಲಿ ಮಾರ್ತಾ ಇದ್ದರು. ನಮ್ಮಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಕೂದಲು ಕಸಿ ಮತ್ತು ಸೌಂದರ್ಯ ಚಿಕಿತ್ಸೆಗಳ ಬಗ್ಗೆ ಹೇಳಬೇಕಾಯಿತು, ಯೂಟ್ಯೂಬ್ ನೋಡಿ, ವರ್ಕ್‌ಶಾಪಿನಲ್ಲಿ ಕೂತು ಕಲಿತದ್ದು ತರಬೇತಿ ಅಲ್ಲ ಅಂತ. ಹೇಳಬೇಕಾಯಿತು ಅಂದ್ರೆ ಹಾಗೆ ಕಲಿತವರು ಇದ್ದರು ಅಂತ ತಾನೇ?

ಹೋಗೋದು ಬಿಡೋದು ನಿಮ್ಮಿಷ್ಟ. ಹೋಗೋರನ್ನ ಅಣಕಿಸೋ ಅಭ್ಯಾಸ ನನಗಿಲ್ಲ. ಗೆರೆ ನಿಮ್ಮದು, ಮುಖ ನಿಮ್ಮದು, ದುಡ್ಡೂ ನಿಮ್ಮದೇ. ಹೋದಾಗ ಮೊದಲು ಗೋಡೆ ನೋಡಿ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ಕ್ಲಿನಿಕ್ ನೋಂದಣಿ ಆಗಿರಬೇಕು, ಆ ಪ್ರಮಾಣಪತ್ರ ಕಣ್ಣಿಗೆ ಕಾಣೋ ಹಾಗೆ ತೂಗುಹಾಕಿರಬೇಕು. ಸೂಜಿ ಹಿಡಿಯೋರು ಯಾರು, ಅವರ ವೈದ್ಯಕೀಯ ನೋಂದಣಿ ಸಂಖ್ಯೆ ಏನು ಅಂತ ಕೇಳಿ. ಹಾಕೋದು ಯಾವ ವಸ್ತು, ಕರಗೋದಾ ಕರಗದ್ದಾ ಅಂತ ಕೇಳಿ. ಯಾಕಂದ್ರೆ ಮಾರುಕಟ್ಟೆಯಲ್ಲಿ ಎಲ್ಲವೂ ಹಯಲುರೋನಿಕ್ ಅಲ್ಲ. ಪ್ಲಾಸ್ಟಿಕ್ ಕಣಗಳಿರೋದು ಇದೆ, ಕ್ಯಾಲ್ಸಿಯಂ ಕಣಗಳಿರೋದು ಇದೆ, ಅವಕ್ಕೆ ಈ ಕಿಣ್ವ ನಾಟಲ್ಲ. ಹಯಲುರೋನಿಡೇಸ್ ಸೀಸೆ ಫ್ರಿಡ್ಜಿನಲ್ಲಿ ಇದೆಯಾ, ತೆಗೆದು ತೋರಿಸಿ ಅಂತ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ, ಅದು ಅವರ ಗೆರೆ, ನಿಮ್ಮದಲ್ಲ.

ಸಿರಿಂಜಿನ ಡಬ್ಬಿಯನ್ನ ನಿಮ್ಮ ಎದುರೇ ಒಡೆಯಲಿ. ಅದರ ಒಳಗೆ ಬ್ಯಾಚ್ ನಂಬರ್ ಇರೋ ಸಣ್ಣ ಸ್ಟಿಕ್ಕರ್ ಇರುತ್ತೆ, ಒಂದು ಅವರ ಫೈಲಿಗೆ, ಒಂದು ನಿಮಗೆ. ಇಸ್ಕೊಂಡು ಎತ್ತಿಡಿ. ವರ್ಷದಲ್ಲಿ ಕರಗುತ್ತೆ ಅಂದುಕೊಂಡಿದ್ದ ಜೆಲ್ ಎಷ್ಟೋ ವರ್ಷ ಆದ ಮೇಲೂ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಕೂತಿರೋದು ಕಂಡಿದೆ. ಮುಂದೊಂದು ದಿನ ಯಾವುದೋ ಊರಿನಲ್ಲಿ, ಯಾವುದೋ ಡಾಕ್ಟರ್ ನಿಮ್ಮ ಕೆನ್ನೆ ಮುಟ್ಟಿ 'ಇದರೊಳಗೆ ಏನು ಹಾಕಿದ್ದಾರೆ?' ಅಂತ ಕೇಳಿದಾಗ, ತೋರಿಸೋಕೆ ಆ ಸ್ಟಿಕ್ಕರ್ ಬೇಕಾಗುತ್ತೆ.